ಡಿಸ್ಕೌಂಟ್ ಕೇಳುವ ಮೊದಲು ಕೊಟೇಷನ್ ಓದಿ

ಆಷಾಢ ಶುರುವಾದರೆ ಸಾಕು, ಮನೆಯವರ ಫೋನಿಗೆಲ್ಲ ಎರಡು ಥರದ ಮೆಸೇಜು ಬರಲು ಶುರು. ಒಂದು ಸೀರೆ ಅಂಗಡಿಯವರದು, ಇನ್ನೊಂದು ಕಾರಿನ ಶೋರೂಮಿನವರದು. ಸೀರೆಯದು ನಮಗೆ ಅರ್ಥವಾಗುತ್ತೆ. ಮೂರು ಸಾವಿರದ ಸೀರೆಗೆ ಮೂವತ್ತು ಪರ್ಸೆಂಟ್ ಕಡಿಮೆ ಅಂದರೆ, ಹೋದ ತಿಂಗಳು ಅದೇ ಸೀರೆಯ ಚೀಟಿಯಲ್ಲಿ ಎಷ್ಟಿತ್ತು ಅಂತ ನೆನಪಿಟ್ಟುಕೊಂಡವರು ಮನೇಲಿ ಒಬ್ಬರಾದರೂ ಇರ್ತಾರೆ. ಕಾರಿನದು ಹಾಗಲ್ಲ. ‘50,000 ರೂಪಾಯಿವರೆಗೆ ಉಳಿತಾಯ’ ಅಂತ ದೊಡ್ಡದಾಗಿ ಬರೆದಿರುತ್ತೆ. ಯಾವ ಬೆಲೆಯಿಂದ ಉಳಿತಾಯ, ಯಾವ ಮಾಡೆಲ್‌ಗೆ, ಯಾರಿಗೆ ಅನ್ನೋದೆಲ್ಲ ನಕ್ಷತ್ರದ ಗುರುತಿನ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ಬೀದಿಗೆ ಸೊಪ್ಪು ತರುವಾಕೆಯ ಹತ್ತಿರ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಇಳಿಸುವವರೆಗೂ ಬಾಗಿಲು ಬಿಡದ ನಾವು, ಎಂಟು ಲಕ್ಷದ ಕಾರಿನ ಮುಂದೆ ಯಾಕೆ ಮಾತೇ ಬಾರದವರ ಹಾಗೆ ಕೂತುಬಿಡ್ತೀವಿ? ಏಸಿ, ಕಾಫಿ, ಇಂಗ್ಲಿಷ್ ಮಾತಾಡೋ ಹುಡುಗರು, ಅದಕ್ಕೆ ಹೆದರ್ತೀವಿ ಅಂತ ಕೆಲವರು ಹೇಳ್ತಾರೆ. ನನಗೇನೋ ಹಾಗನ್ನಿಸಲ್ಲ. ಸೊಪ್ಪಿನ ಕಟ್ಟಿಗೆ ಇರೋದು ಒಂದೇ ಬೆಲೆ. ಕಾರಿನದು ಹತ್ತು ಬೆಲೆಗಳ ಗಂಟು. ಅದರಲ್ಲಿ ಯಾವುದನ್ನು ಎಳೆದರೆ ಬಿಚ್ಚುತ್ತೆ, ಯಾವುದು ಬಿಚ್ಚೋದೇ ಇಲ್ಲ ಅಂತ ಗೊತ್ತಿಲ್ಲದ ಮೇಲೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಡಿಸ್ಕೌಂಟ್ ಎಷ್ಟು ಕೊಡ್ತೀರಿ?’ ಶೋರೂಮಿನವರಿಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಯಾಕೆ ಅಂತ ಹೇಳ್ತೀನಿ.

ನನ್ನ ಭಾವ ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸಂತೆಯಲ್ಲಿ ಕೂಡ ಹೇಳಿದ ಬೆಲೆ ಕೊಟ್ಟು ಬರುವ ಪೈಕಿ. ಅಕ್ಕನಿಗೆ ಮಂಡಿನೋವು ಜಾಸ್ತಿಯಾಗಿ ಬಸ್ಸಿನ ಮೆಟ್ಟಿಲು ಹತ್ತೋದೇ ಕಷ್ಟವಾದಾಗ, ತಿಂಗಳಿಗೆರಡು ಸಲ ಹಾಸನದ ಆಸ್ಪತ್ರೆಗೆ ಹೋಗಿಬರೋಕೆ ಅಂತ ಜೀವನದ ಮೊದಲನೇ ಕಾರು ತಗೊಳ್ಳೋ ಯೋಚನೆ ಮಾಡಿದರು. ನಿವೃತ್ತಿಯ ದುಡ್ಡಿನಲ್ಲಿ ಮಗಳ ಮದುವೆಗೆ ಅಂತ ಒಂದು ಡೆಪಾಸಿಟ್ ಮಾಡಿ, ಉಳಿದದ್ದರಲ್ಲಿ ಒಂಬತ್ತೂವರೆ ಲಕ್ಷ ಕಾರಿಗೆ ಅಂತ ಇಟ್ಟಿದ್ದರು. ಅದರ ಮೇಲೆ ಒಂದು ರೂಪಾಯಿ ಬೇಕಾದರೂ ಮದುವೆ ಡೆಪಾಸಿಟ್ಟಿಗೇ ಕೈ ಹಾಕಬೇಕು. ಪತ್ರಿಕೆಯಲ್ಲಿ ಎಂಟು ಲಕ್ಷ ಅಂತಿದ್ದ ಕಾರಿಗೆ ಶೋರೂಮಿನವರು ಕೊಟ್ಟ ಚೀಟಿಯ ಕೊನೇ ಸಾಲು 10,03,800. ಅದನ್ನು ಫೋಟೋ ತೆಗೆದು ನನಗೆ ಕಳಿಸಿ, ‘ಇಪ್ಪತ್ತೈದು ಸಾವಿರ ಡಿಸ್ಕೌಂಟ್ ಕೊಟ್ಟಿದ್ದಾರೆ ಕಣಮ್ಮ, ಇನ್ನೂ ಕೇಳೋಕೆ ನನಗೆ ಮುಖ ಬರಲ್ಲ’ ಅಂದರು.

ಚೀಟಿಯಲ್ಲಿ ಇದ್ದದ್ದು ಹೀಗೆ. ಎಕ್ಸ್ ಶೋರೂಮ್ 8,00,000. ಆರ್‌ಟಿಒ 1,34,500. ಇನ್ಶೂರೆನ್ಸ್ 47,800. ‘ಎಸೆನ್ಷಿಯಲ್ ಕಿಟ್’ 14,900. ಪೇಂಟಿಗೆ, ಕೆಳಗಿನ ತಗಡಿಗೆ ಏನೋ ಕೋಟಿಂಗ್ 8,500. ಹ್ಯಾಂಡ್ಲಿಂಗ್ 7,500. ಫಾಸ್ಟ್‌ಟ್ಯಾಗ್ 600. ಎಕ್ಸ್‌ಟೆಂಡೆಡ್ ವಾರಂಟಿ 15,000. ಇದರಲ್ಲಿ ಇಪ್ಪತ್ತೈದು ಸಾವಿರ ಕಳೆದು ಕೊನೇ ಮೊತ್ತ.

ಈಗ ಒಂದೊಂದೇ ಸಾಲು ನೋಡೋಣ. ಎಕ್ಸ್ ಶೋರೂಮ್ ಬೆಲೆಯನ್ನು ಕಂಪನಿಯೇ ನಿಗದಿ ಮಾಡೋದು. ಜಿಎಸ್‌ಟಿ ಅದರೊಳಗೇ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ದಾಟದ ಪೆಟ್ರೋಲ್ ಕಾರಿಗೆ 18 ಪರ್ಸೆಂಟ್ ಆಗಿದೆ, ಮೊದಲು ಸೆಸ್ ಸೇರಿ 29 ಇತ್ತು. ಅಂದರೆ ಎಂಟು ಲಕ್ಷದಲ್ಲಿ ಸುಮಾರು 1,22,000 ಜಿಎಸ್‌ಟಿಯೇ. ಇದರಲ್ಲಿ ಡೀಲರಿಗೆ ಉಳಿಯೋದು ನಾವು ಅಂದುಕೊಂಡಷ್ಟಿಲ್ಲ, ಸಾಮಾನ್ಯ ಕಾರುಗಳಲ್ಲಿ ನೂರಕ್ಕೆ ಐದು ರೂಪಾಯಿ ಆಸುಪಾಸು. ಶೋರೂಮಿನ ಬಾಡಿಗೆ, ಕರೆಂಟು, ಸಂಬಳ, ಸ್ಟಾಕಿನ ಮೇಲಿನ ಬಡ್ಡಿ ಎಲ್ಲಾ ಅದರಲ್ಲೇ ಆಗಬೇಕು. ಹಾಗಾದರೆ ಅವರು ಬದುಕೋದು ಹೇಗೆ? ಚೀಟಿಯ ಉಳಿದ ಸಾಲುಗಳಿಂದ. ಇನ್ಶೂರೆನ್ಸ್, ಸಾಲ, ಕಿಟ್ಟು, ಕೋಟಿಂಗು, ಆಮೇಲೆ ಸರ್ವಿಸ್ಸು. ನೀವು ಮೇಲಿನ ಸಾಲಿನಲ್ಲಿ ಹತ್ತು ಸಾವಿರಕ್ಕೆ ಜಗಳ ಆಡಿ ಗೆದ್ದು ಬಂದರೆ, ಕೆಳಗಿನ ನಾಲ್ಕು ಸಾಲಿನಲ್ಲಿ ಅದು ವಾಪಸ್ ಹೋಗಿರುತ್ತೆ. ಡಿಸ್ಕೌಂಟ್ ಎಷ್ಟು ಅಂತ ಕೇಳಿದರೆ ಅವರು ಖುಷಿಯಾಗಿ ಉತ್ತರ ಕೊಡೋದು ಇದಕ್ಕೇ.

ಆ ಡಿಸ್ಕೌಂಟಿನ ಬಹುಪಾಲು ಕೂಡ ಶೋರೂಮಿನ ಜೇಬಿಂದ ಬರೋದಲ್ಲ. ಕಂಪನಿಯವರು ತಿಂಗಳಿಗೊಂದು ಸ್ಕೀಮ್ ಕಳಿಸ್ತಾರೆ. ನೇರ ರಿಯಾಯಿತಿ ಇಷ್ಟು, ಹಳೇ ಕಾರು ಕೊಟ್ಟರೆ ಎಕ್ಸ್‌ಚೇಂಜ್ ಬೋನಸ್ ಇಷ್ಟು, ಸರ್ಕಾರಿ ನೌಕರರಿಗೆ, ಕೆಲವು ಕಂಪನಿಗಳಲ್ಲಿ ಕೆಲಸ ಮಾಡೋರಿಗೆ ಕಾರ್ಪೊರೇಟ್ ರಿಯಾಯಿತಿ ಇಷ್ಟು ಅಂತ. ಜಾಹೀರಾತಿನ ‘50,000ವರೆಗೆ’ ಅನ್ನೋದು ಇವೆಲ್ಲ ಒಬ್ಬರಿಗೇ ಸಿಕ್ಕಿದರೆ ಆಗೋ ಮೊತ್ತ. ಹಳೇ ಕಾರೇ ಇಲ್ಲದವರು ಎಕ್ಸ್‌ಚೇಂಜ್ ಬೋನಸ್ ಎಲ್ಲಿಂದ ತರೋದು? ಹಾಗಾಗಿ ಕೇಳಬೇಕಾದ್ದು, ‘ಈ ತಿಂಗಳು ಈ ವೇರಿಯಂಟ್‌ಗೆ ಕಂಪನಿ ಸ್ಕೀಮ್‌ನಲ್ಲಿ ಏನೇನಿದೆ, ನನಗೆ ಯಾವುದು ಅನ್ವಯಿಸುತ್ತೆ?’ ಅಂತ. ನಿವೃತ್ತ ನೌಕರರಿಗೂ ಅನ್ವಯಿಸುತ್ತಾ ಅನ್ನೋದನ್ನೂ ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳೋದು ಕಡಿಮೆ.

ಇನ್ನು ಆರ್‌ಟಿಒ ಸಾಲು. ಚೀಟಿಯಲ್ಲಿ ಯಾರೂ ಪ್ರಶ್ನಿಸದ ಸಾಲು ಇದೇ. ಸರ್ಕಾರಕ್ಕೆ ಹೋಗೋ ದುಡ್ಡು ಅಂದಮೇಲೆ ಮಾತೇನಿದೆ ಅಂತ ಸುಮ್ಮನಾಗ್ತೀವಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ ಐದು ಲಕ್ಷದವರೆಗೆ 13 ಪರ್ಸೆಂಟ್, ಐದರಿಂದ ಹತ್ತು ಲಕ್ಷಕ್ಕೆ 14, ಹತ್ತರಿಂದ ಇಪ್ಪತ್ತಕ್ಕೆ 17, ಅದರ ಮೇಲೆ 18. ಬಂದ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ದೇಶದಲ್ಲಿ ಹೆಚ್ಚು ರಸ್ತೆ ತೆರಿಗೆ ಹಾಕೋ ರಾಜ್ಯಗಳಲ್ಲಿ ನಮ್ಮದೂ ಒಂದು. ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಇದನ್ನು ಹಾಕ್ತಾರೆ ಅನ್ನೋದು ನೆನಪಿರಲಿ, ತೆರಿಗೆಯ ಮೇಲೂ ತೆರಿಗೆ. ಎಂಟು ಲಕ್ಷಕ್ಕೆ 14 ಪರ್ಸೆಂಟ್ ಅಂದರೆ 1,12,000. ಸೆಸ್ 12,320. ಒಟ್ಟು 1,24,320. ನೋಂದಣಿ ಶುಲ್ಕ 600, ಕಾರ್ಡಿಗೆ 200. ಬ್ಯಾಂಕ್ ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸೋಕೆ 1,500. ಭಾವನವರದು ಸಾಲವಿಲ್ಲ. ಸಣ್ಣಪುಟ್ಟ ಶುಲ್ಕ ಏನೇ ಸೇರಿಸಿದರೂ 1,27,000 ದಾಟಬಾರದು. ಚೀಟಿಯಲ್ಲಿದ್ದದ್ದು 1,34,500. ಉಳಿದದ್ದು ಯಾಕೆ ಅಂತ ಕೇಳಿದ್ದಕ್ಕೆ, ‘ಏಜೆಂಟ್ ಖರ್ಚು ಇರುತ್ತೆ ಮೇಡಂ’ ಅಂದ ಆ ಹುಡುಗ. ಆನ್‌ಲೈನಲ್ಲಿ ಕಟ್ಟೋ ತೆರಿಗೆಗೆ ಎಂಥಾ ಏಜೆಂಟು? ‘ಆರ್‌ಟಿಒ ರಸೀದಿಯಲ್ಲಿ ಎಷ್ಟು ಬರುತ್ತೋ ಅಷ್ಟು ಕೊಡ್ತೀವಿ’ ಅನ್ನೋ ಒಂದು ಮಾತಿಗೆ ಆ ಸಾಲು 1,26,700ಕ್ಕೆ ಇಳೀತು.

ಹತ್ತು ಲಕ್ಷದ ಅಂಚಿನಲ್ಲಿರುವ ಕಾರು ನೋಡ್ತಾ ಇರೋರು ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ವೇರಿಯಂಟ್ 9,99,000 ಇದೆ ಅಂತಿಟ್ಟುಕೊಳ್ಳಿ. ಸೆಸ್ ಸೇರಿ ತೆರಿಗೆ 1,55,245. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು 10,10,000, ಬರೀ ಹನ್ನೊಂದು ಸಾವಿರ ಜಾಸ್ತಿ, ಒಳ್ಳೇ ಸೀಟ್ ಕವರು, ದೊಡ್ಡ ಸ್ಕ್ರೀನು. ಆದರೆ ಅದು 17 ಪರ್ಸೆಂಟಿನ ಮನೆಗೆ ಬಿತ್ತು. ತೆರಿಗೆ 1,90,587. ಹನ್ನೊಂದು ಸಾವಿರದ ಆಸೆಗೆ ತೆರಿಗೆಯೇ ಮೂವತ್ತೈದು ಸಾವಿರ ಹೆಚ್ಚು. ಮೇಲಿಂದ, ಹತ್ತು ಲಕ್ಷ ದಾಟಿದ ಕಾರಿಗೆ ಶೋರೂಮಿನವರು ಒಂದು ಪರ್ಸೆಂಟ್ ಟಿಸಿಎಸ್ ಅಂತ ಬೇರೆ ಹಿಡೀತಾರೆ, ಇಲ್ಲಿ 10,100. ಈ ಟಿಸಿಎಸ್ ನಿಮ್ಮ ಪ್ಯಾನ್ ನಂಬರಿಗೆ ಜಮಾ ಆಗುತ್ತೆ, ಆದಾಯ ತೆರಿಗೆ ರಿಟರ್ನ್ ಹಾಕಿದರೆ ಹೊಂದಾಣಿಕೆಯಾಗುತ್ತೆ ಇಲ್ಲ ವಾಪಸ್ ಬರುತ್ತೆ. ರಿಟರ್ನ್ ಹಾಕದ ಅಪ್ಪನ ಹೆಸರಲ್ಲಿ ಕಾರು ತಗೊಂಡು, ಆ ದುಡ್ಡು ವಾಪಸ್ ಕೇಳೋದನ್ನೇ ಮರೆತ ಮನೆಗಳು ಎಷ್ಟೋ.

ಚೀಟಿಯಲ್ಲಿ ಅತಿ ಹೆಚ್ಚು ಗಾಳಿ ತುಂಬಿರೋದು ಇನ್ಶೂರೆನ್ಸ್ ಸಾಲಿನಲ್ಲಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಬಂದ ನಿಯಮ. ಅದರ ದರ ಎಲ್ಲ ಕಂಪನಿಗಳಲ್ಲೂ ಒಂದೇ. 2022ರಲ್ಲಿ ಗೊತ್ತುಮಾಡಿದ ದರದ ಪ್ರಕಾರ 1000ದಿಂದ 1500 ಸಿಸಿ ಕಾರಿಗೆ ಮೂರು ವರ್ಷಕ್ಕೆ 10,640, ಜಿಎಸ್‌ಟಿ ಬೇರೆ. ಉಳಿದದ್ದೆಲ್ಲ, ಅಂದರೆ ನಿಮ್ಮ ಕಾರಿಗೇ ಆಗೋ ಹಾನಿಯ ಭಾಗ, ಝೀರೋ ಡಿಪ್ರಿಸಿಯೇಷನ್, ಎಂಜಿನ್ ರಕ್ಷಣೆ, ಕೀ ಕಳೆದರೆ ಅನ್ನೋ ಥರದ ಸೇರ್ಪಡೆಗಳು, ಕಂಪನಿಯಿಂದ ಕಂಪನಿಗೆ ಬದಲಾಗ್ತವೆ. ಶೋರೂಮಿನ ಚೀಟಿಯಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ಸೇರಿಸಿ, ರಿಯಾಯಿತಿ ಏನೂ ಇಲ್ಲದ ದರ ಬರೆದಿರ್ತಾರೆ. ಭಾವನವರ ಕಾರಿಗೆ ಅದೇ ಮೌಲ್ಯ, ಅದೇ ಸೇರ್ಪಡೆಗಳಿಗೆ ಹೊರಗೆ ಕೇಳಿದಾಗ 34,200 ಅಂತ ಬಂತು. ಚೀಟಿಯಲ್ಲಿ 47,800.

ಇಲ್ಲಿ ಎರಡು ಮೂರು ಬೆದರಿಕೆ ಬರುತ್ತೆ, ತಯಾರಾಗಿರಿ. ‘ಹೊರಗಡೆ ಇನ್ಶೂರೆನ್ಸ್ ಮಾಡಿದರೆ ಡೆಲಿವರಿ ಕೊಡೋಕಾಗಲ್ಲ’ ಅನ್ನೋದು ಮೊದಲನೆಯದು. ಹಾಗೆ ಹೇಳೋ ಹಕ್ಕು ಅವರಿಗಿಲ್ಲ. ವಿಮೆ ಮಾರೋ ಶೋರೂಮುಗಳಿಗೆ ಅಂತಲೇ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲಿ ಮಾರ್ಗಸೂಚಿ ಮಾಡಿದೆ, ತಮ್ಮಲ್ಲೇ ತಗೊಳ್ಳಿ ಅಂತ ಗ್ರಾಹಕರನ್ನು ಬಲವಂತ ಮಾಡುವಂತಿಲ್ಲ. ‘ವಾರಂಟಿ ಹೋಗುತ್ತೆ’ ಅನ್ನೋದು ಎರಡನೆಯದು, ಅದಕ್ಕೂ ವಿಮೆಗೂ ಸಂಬಂಧವೇ ಇಲ್ಲ. ಮೂರನೆಯದರಲ್ಲಿ ಮಾತ್ರ ಸ್ವಲ್ಪ ಸತ್ಯ ಇದೆ: ‘ನಮ್ಮ ವರ್ಕ್‌ಶಾಪಲ್ಲಿ ಕ್ಯಾಶ್‌ಲೆಸ್ ಸಿಗಲ್ಲ’. ವಿಮೆ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದ್ದರೆ ಸಿಗುತ್ತೆ, ಇಲ್ಲದಿದ್ದರೆ ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಪಡೀಬೇಕು. ಆದ್ದರಿಂದ ಪಾಲಿಸಿ ತಗೊಳ್ಳೋ ಮೊದಲು ಆ ಕಂಪನಿಯ ಗ್ಯಾರೇಜುಗಳ ಪಟ್ಟಿಯಲ್ಲಿ ನಿಮ್ಮೂರಿನ ವರ್ಕ್‌ಶಾಪ್ ಇದೆಯಾ ನೋಡಿಕೊಳ್ಳಿ. ಭಾವನವರು ಹೊರಗಿನ ಪಾಲಿಸಿ ತಗೊಳ್ಳಲೇ ಇಲ್ಲ. 34,200ರ ಕೊಟೇಷನ್ ಮೇಜಿನ ಮೇಲಿಟ್ಟ ಐದು ನಿಮಿಷಕ್ಕೆ ಶೋರೂಮಿನ ದರವೇ 35,000ಕ್ಕೆ ಇಳೀತು. ಎಂಟು ನೂರು ರೂಪಾಯಿಗೆ ನಾಳೆ ಕ್ಲೈಮ್ ಸಮಯದಲ್ಲಿ ಓಡಾಟ ತಪ್ಪುತ್ತಲ್ಲ ಅಂತ ಅಲ್ಲೇ ಒಪ್ಪಿಕೊಂಡರು. ಸರಿಯಾದ ಲೆಕ್ಕವೇ. ಮೌಲ್ಯದ ಸಾಲನ್ನೂ ಒಮ್ಮೆ ನೋಡಿ. ಹೊಸ ಕಾರಿಗೆ ಐಡಿವಿ ಎಕ್ಸ್ ಶೋರೂಮ್ ಬೆಲೆಯ 95 ಪರ್ಸೆಂಟ್ ಇರೋದು ರೂಢಿ. ಪ್ರೀಮಿಯಂ ಕಡಿಮೆ ತೋರಿಸೋಕೆ ಇದನ್ನೇ ಇಳಿಸಿದ್ದರೆ ಕಾರು ಕಳುವಾದ ದಿನ ಅಳಬೇಕಾಗುತ್ತೆ.

ಹ್ಯಾಂಡ್ಲಿಂಗ್ ಚಾರ್ಜ್ ಬಗ್ಗೆ ಹೆಚ್ಚು ಬರೆಯೋದೇನಿಲ್ಲ. ಕಾರ್ಖಾನೆಯಿಂದ ಶೋರೂಮಿಗೆ ತರೋ ಖರ್ಚು ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿದೆ. ಲಾಜಿಸ್ಟಿಕ್ಸ್, ಡಿಪೋ, ಫೆಸಿಲಿಟೇಷನ್, ಯಾವ ಹೆಸರಿಟ್ಟರೂ ಅದೇ. ‘ಇದಕ್ಕೆ ಬೇರೆ ಬಿಲ್ ಕೊಡ್ತೀರಾ?’ ಅಂತ ಕೇಳಿ ನೋಡಿ, ಸಾಲು ಮಾಯವಾಗುತ್ತೆ. ಹೈ ಸೆಕ್ಯೂರಿಟಿ ನಂಬರ್ ಪ್ಲೇಟಿಗೆ ದುಡ್ಡು ಹಾಕಿದ್ದರೂ ಹಾಗೇ. 2019ರ ಏಪ್ರಿಲ್‌ನಿಂದ ಬರೋ ಹೊಸ ಕಾರುಗಳಿಗೆ ಅದನ್ನು ಕಂಪನಿಯೇ ಕೊಡಬೇಕು.

‘ಎಸೆನ್ಷಿಯಲ್ ಕಿಟ್’ ಅನ್ನೋ ಹೆಸರು ಇಟ್ಟವರಿಗೆ ನನ್ನದೊಂದು ನಮಸ್ಕಾರ. ಒಳಗಿರೋದು ಕಾಲ್ಮ್ಯಾಟು, ಮಡ್‌ಫ್ಲಾಪು, ಕಾರಿಗೆ ಹೊದಿಸೋ ಬಟ್ಟೆ, ಒಂದು ಸಣ್ಣ ಗಣಪತಿ, ಸುವಾಸನೆಯ ಡಬ್ಬಿ. ಮ್ಯಾಟು ಮತ್ತು ಮಡ್‌ಫ್ಲಾಪು ಹಾಸನದ ಪೇಟೆಯಲ್ಲೇ 3,200ಕ್ಕೆ ಸಿಕ್ತು. ಗಣಪತಿ ಮನೇಲಿ ಮೊದಲೇ ಇದ್ದ. ಬೇಡ ಅಂದರೆ ತೆಗೀಲೇಬೇಕು, ಆದರೆ ಬಹಳ ಬೇಡಿಕೆ ಇರೋ ಮಾಡೆಲ್‌ಗಳಲ್ಲಿ ‘ಕಿಟ್ ತಗೊಂಡವರಿಗೆ ಬೇಗ ಡೆಲಿವರಿ’ ಅನ್ನೋ ಮಾತು ಕೇಳಿಬರುತ್ತೆ. ಆಗ ಕಾಯೋ ತಾಳ್ಮೆ ಇದ್ದವರದೇ ಗೆಲುವು. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮಾತ್ರ ಉಳಿಸಿಕೊಳ್ಳಿ ಅಂತ ನಾನೇ ಹೇಳಿದೆ. ಈಗಿನ ಕಾರುಗಳ ತುಂಬ ಎಲೆಕ್ಟ್ರಾನಿಕ್ಸು, ಒಂದು ಪೆಟ್ಟಿಗೆ ಕೆಟ್ಟರೆ ವಾರಂಟಿಗೆ ಕೊಟ್ಟ ದುಡ್ಡು ಅಲ್ಲೇ ತೀರಿತು. ಅದು ಕಂಪನಿಯದೇ ವಾರಂಟಿನಾ, ಶೋರೂಮಿನವರು ಬೇರೆ ಯಾರದ್ದೋ ಮಾರ್ತಾ ಇದ್ದಾರಾ ಅಂತ ಖಚಿತ ಮಾಡಿಕೊಂಡರೆ ಸಾಕು.

ಇಷ್ಟಾದ ಮೇಲೆ ಚೀಟಿಯ ಕೊನೇ ಸಾಲು 9,52,300. ಡಿಸ್ಕೌಂಟ್ ಇಪ್ಪತ್ತೈದು ಸಾವಿರವೇ ಇತ್ತು, ಅದರ ಮೇಲೆ ಒಂದು ರೂಪಾಯಿ ಕೇಳಲಿಲ್ಲ, ಮುಖ ಬರಲ್ಲ ಅಂದಿದ್ದರಲ್ಲ. ಆದರೂ ಕಡಿಮೆಯಾಗಿದ್ದು 51,500. ಒಂಬತ್ತೂವರೆ ಲಕ್ಷದ ಮೇಲೆ ಉಳಿದ ಎರಡು ಸಾವಿರದ ಮುನ್ನೂರನ್ನೂ, ಮ್ಯಾಟಿನ ದುಡ್ಡನ್ನೂ ಅಕ್ಕ ಅಡುಗೆಮನೆ ಡಬ್ಬಿಯಿಂದ ತೆಗೆದುಕೊಟ್ಟಳು. ಮದುವೆ ಡೆಪಾಸಿಟ್ ಬ್ಯಾಂಕಲ್ಲಿ ಹಾಗೇ ಇದೆ.

ಒಂದು ಮಾತು, ಆ ಹುಡುಗನ ಬಗ್ಗೆ. ಅವನ ಮೇಲೆ ರೇಗಬೇಡಿ. ಅವನ ಸಂಬಳ ಸಣ್ಣದು, ಇನ್ಶೂರೆನ್ಸ್ ಇಷ್ಟು, ಲೋನ್ ಇಷ್ಟು, ಕಿಟ್ ಇಷ್ಟು ಮಾಡಿಸಿದರೆ ಮಾತ್ರ ಕೈಗೆ ನಾಲ್ಕು ಕಾಸು. ನಮ್ಮ ನಿಮ್ಮ ಮನೆ ಮಕ್ಕಳ ಥರದವನೇ. ಚೀಟಿಯ ಸಾಲು ತೆಗೆಯೋ ಅಧಿಕಾರ ಅವನಿಗಿರಲ್ಲ, ಮ್ಯಾನೇಜರ್‌ಗಿರುತ್ತೆ. ಗಲಾಟೆ ಮಾಡದೆ, ‘ಇದನ್ನು ನಿಮ್ಮ ಮ್ಯಾನೇಜರ್ ಹತ್ತಿರ ಕೇಳಿಕೊಂಡು ಬಾಪ್ಪ, ನಾವು ಕೂತಿರ್ತೀವಿ’ ಅಂದರೆ ಕೆಲಸ ಬೇಗ ಆಗುತ್ತೆ.

ಸಾಲ ಮಾಡಿ ಕೊಳ್ಳೋರಿಗೆ ಇನ್ನೊಂದು ಚೀಟಿ ಇರುತ್ತೆ. ‘ಬಡ್ಡಿ ಬರೀ ಐದೂವರೆ ಪರ್ಸೆಂಟ್ ಮೇಡಂ’ ಅಂದರೆ, ಫ್ಲಾಟಾ, ಇಳಿಯೋ ಬಾಕಿಯ ಮೇಲಾ ಅಂತ ಕೇಳಿ. ಆರು ಲಕ್ಷಕ್ಕೆ ಐದು ವರ್ಷ, ಐದೂವರೆ ಫ್ಲಾಟ್ ಅಂದರೆ ಬಡ್ಡಿ 1,65,000, ಕಂತು 12,750. ಬ್ಯಾಂಕುಗಳು ಹೇಳೋ ಲೆಕ್ಕದಲ್ಲಿ ಅದು ಹತ್ತು ಪರ್ಸೆಂಟಿಗೆ ಸಮ. ಅದೇ ಆರು ಲಕ್ಷ ಬ್ಯಾಂಕಲ್ಲಿ ಒಂಬತ್ತು ಪರ್ಸೆಂಟಿಗೆ ಸಿಕ್ಕಿದರೆ ಕಂತು 12,455. ‘ಕಂತು ಜಾಸ್ತಿ ಅನ್ನಿಸ್ತಾ? ಏಳು ವರ್ಷ ಮಾಡೋಣ, 9,653 ಆಗುತ್ತೆ’ ಅನ್ನೋದು ಇನ್ನೊಂದು ದಾರಿ. ಕಂತು ಇಳಿದದ್ದು ಕಾಣುತ್ತೆ, ಒಟ್ಟು ಬಡ್ಡಿ 1,47,000ದಿಂದ 2,11,000 ಹತ್ತಿರ ಹತ್ತಿದ್ದು ಕಾಣಲ್ಲ. ಪೂರ್ತಿ ದುಡ್ಡು ಕೊಡ್ತೀವಿ ಅಂದರೆ ಶೋರೂಮಿನವರು ಕುಣಿದಾಡ್ತಾರೆ ಅನ್ನೋ ಹಳೇ ನಂಬಿಕೆಯನ್ನೂ ಬಿಡಿ. ಸಾಲ ಮಾಡಿಸಿದರೆ ಅವರಿಗೆ ಕಮಿಷನ್ ಇದೆ. ಹಾಗಾಗಿ ಬೆಲೆ ಪೂರ್ತಿ ಗೊತ್ತಾಗುವವರೆಗೆ ದುಡ್ಡು ಹೇಗೆ ಕೊಡ್ತೀರಿ ಅನ್ನೋದನ್ನು ಹೇಳದಿರೋದೇ ಮೇಲು. ಅಡಿಕೆ ಮಾರಿದ ನೋಟಿನ ಕಂತೆ ತಗೊಂಡು ಹೋಗೋರಿಗೂ ಒಂದು ಮಾತು. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯೋದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಬ್ಯಾಂಕ್ ಮೂಲಕವೇ ಕೊಡಿ.

ಈಗ ಆಷಾಢಕ್ಕೆ ಬರೋಣ. ನಮ್ಮ ಕಡೆ ಜನ ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಹೊಸ ಗಾಡಿ ಮನೆಗೆ ತರಲ್ಲ. ವರಮಹಾಲಕ್ಷ್ಮಿಗೆ, ಆಯುಧಪೂಜೆಗೆ ಶೋರೂಮಲ್ಲಿ ನಿಲ್ಲೋಕೆ ಜಾಗ ಇರಲ್ಲ. ತುಂಬಿದ ಅಂಗಡಿಯಲ್ಲಿ ಯಾರು ತಾನೇ ಬೆಲೆ ಇಳಿಸ್ತಾರೆ? ಖಾಲಿ ಅಂಗಡಿಯಲ್ಲಿ, ಅದರಲ್ಲೂ ತಿಂಗಳ ಕೊನೇ ವಾರ ಟಾರ್ಗೆಟ್ ಮುಟ್ಟದೆ ಕೂತ ಮ್ಯಾನೇಜರ್ ಮುಂದೆ ನಿಮ್ಮ ಮಾತಿಗೆ ತೂಕ. ‘ಆಷಾಢದಲ್ಲಿ ಬುಕ್ ಮಾಡಿ, ಶ್ರಾವಣದಲ್ಲಿ ತಗೊಂಡು ಹೋಗಿ’ ಅಂತಾರಲ್ಲ, ಅದರಲ್ಲೊಂದು ಸಿಕ್ಕು ಇದೆ. ಕಂಪನಿ ಸ್ಕೀಮು ಸಾಮಾನ್ಯವಾಗಿ ಬಿಲ್ ಆದ ದಿನಕ್ಕೆ ಅನ್ವಯಿಸುತ್ತೆ, ಬುಕ್ ಮಾಡಿದ ದಿನಕ್ಕಲ್ಲ. ಬುಕಿಂಗ್ ಫಾರ್ಮಿನ ಹಿಂದೆ ‘ಡೆಲಿವರಿ ದಿನದ ಬೆಲೆ ಅನ್ವಯ’ ಅನ್ನೋ ಸಾಲು ಇದ್ದೇ ಇರುತ್ತೆ. ಅತ್ತೆಯವರು ಒಪ್ಪೋದಾದರೆ ಬಿಲ್ಲು ಆಷಾಢದಲ್ಲಿ ಆಗಲಿ, ನಿಂಬೆಹಣ್ಣು ಶ್ರಾವಣದಲ್ಲಿ. ಒಪ್ಪದಿದ್ದರೆ ರಿಯಾಯಿತಿ ಶ್ರಾವಣದ ಬಿಲ್ಲಿಗೂ ಇದೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ಡಿಸೆಂಬರಿನ ಕಥೆ ಬೇರೆ. ವರ್ಷದ ಸ್ಟಾಕ್ ಖಾಲಿ ಮಾಡೋ ಆತುರ ಅವರಿಗೆ, ಧನುರ್ಮಾಸದ ಹಿಂಜರಿಕೆ ನಮಗೆ, ಎರಡೂ ಒಂದೇ ಸಮಯಕ್ಕೆ ಬೀಳುತ್ತೆ. ದೊಡ್ಡ ರಿಯಾಯಿತಿ ಸಿಗೋದು ನಿಜ, ಜನವರಿಯಲ್ಲಿ ಹಳೇ ವರ್ಷದ ಸ್ಟಾಕ್ ಉಳಿದಿದ್ದರೆ ಇನ್ನೂ ಹೆಚ್ಚು. ಆದರೆ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬರೆದಿರುತ್ತೆ. ನಾಲ್ಕು ವರ್ಷಕ್ಕೆ ಮಾರೋರಿಗೆ, ಒಂದೇ ತಿಂಗಳಲ್ಲಿ ಕಾರು ಒಂದು ವರ್ಷ ಹಳೇದಾದ ಲೆಕ್ಕ. ಹತ್ತು ಹನ್ನೆರಡು ವರ್ಷ ಓಡಿಸೋ ಭಾವನಂಥವರಿಗೆ ಅದರಿಂದ ನಷ್ಟ ಏನಿಲ್ಲ. ಯಾವ ತಿಂಗಳಲ್ಲಿ ಹೋದರೂ ‘ಈ ಗಾಡಿ ತಯಾರಾದದ್ದು ಯಾವಾಗ?’ ಅಂತ ಕೇಳೋದು ಬಿಡಬೇಡಿ. ಅಂಗಳದ ಬಿಸಿಲಲ್ಲಿ ಆರು ತಿಂಗಳು ನಿಂತ ಕಾರಿಗೆ ಹೊಸ ಕಾರಿನ ಬೆಲೆ ಯಾಕೆ?

ಎರಡು ಶೋರೂಮಿನ ಚೀಟಿ ಕೈಲಿಟ್ಟುಕೊಂಡು ಮಾತಾಡೋದು ಎಲ್ಲಕ್ಕಿಂತ ಸುಲಭದ ಉಪಾಯ. ನಿಮ್ಮೂರಲ್ಲಿ ಒಂದೇ ಇದ್ದರೆ ಪಕ್ಕದ ಜಿಲ್ಲೆಗೆ ಫೋನ್ ಮಾಡಿ. ಹಾಸನದವರು ತುಮಕೂರಲ್ಲಿ ತಗೊಂಡರೂ ತೆರಿಗೆ ಒಂದೇ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲೇ ರಾಜ್ಯದೊಳಗೆ ಯಾವ ಆರ್‌ಟಿಒದಲ್ಲಾದರೂ ನೋಂದಣಿ ಮಾಡಿಸೋ ಅವಕಾಶ ಇದೆ. ಎರಡೂ ಚೀಟಿಯಲ್ಲಿ ವೇರಿಯಂಟು, ಬಣ್ಣ, ವಿಮೆಯ ಸೇರ್ಪಡೆ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸಿ ಪ್ರಯೋಜನ ಇಲ್ಲ. ಬಾಯಿಮಾತಿನ ಬೆಲೆಗೆ ಅಡ್ವಾನ್ಸ್ ಕೊಡಬೇಡಿ. ಪ್ರತಿ ಸಾಲೂ ಬರೆದು, ಸಹಿ ಮತ್ತು ಸೀಲ್ ಹಾಕಿದ ಕಾಗದ, ಜೊತೆಗೆ ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನೋ ಸಾಲು ಸಿಕ್ಕ ಮೇಲಷ್ಟೇ ದುಡ್ಡು.

ಡೆಲಿವರಿ ದಿನ ಹೂವಿನ ಹಾರ, ಕೇಕು, ಫೋಟೋ ಗಲಾಟೆಯಲ್ಲಿ ಕಾಗದ ನೋಡೋರೇ ಇರಲ್ಲ. ಅದಕ್ಕೆ ಹಿಂದಿನ ದಿನವೇ ಒಬ್ಬರು ಹೋಗಿ ಬರೋದು ಒಳ್ಳೇದು. ಚಾಸಿ ನಂಬರ್ ಬಿಲ್ಲಿನಲ್ಲಿರೋದಕ್ಕೂ ಗಾಡಿಯಲ್ಲಿರೋದಕ್ಕೂ ಸರಿಹೋಗುತ್ತಾ, ಫಾರ್ಮ್ 21ರಲ್ಲಿ ತಯಾರಿಕೆಯ ತಿಂಗಳು ಅವರು ಹೇಳಿದ್ದೇನಾ, ಟೈರು, ಗಾಜು, ಬಣ್ಣ ಸರಿ ಇದೆಯಾ, ಎರಡನೇ ಕೀ ಎಲ್ಲಿ. ತೆರಿಗೆಯ ರಸೀದಿ, ವಿಮೆಯ ಪಾಲಿಸಿ, ವಾರಂಟಿ ಕಾಗದ ಕೈಗೆ ಬರಬೇಕು, ಬಿಲ್ಲಿನ ಮೊತ್ತಕ್ಕೂ ನೀವು ಕೊಟ್ಟ ಮೊತ್ತಕ್ಕೂ ತಾಳೆ ಆಗಬೇಕು. ಚೀಟಿಯಲ್ಲಿದ್ದ ತೆರಿಗೆಗಿಂತ ರಸೀದಿಯಲ್ಲಿ ಕಡಿಮೆ ಇದ್ದರೆ ವ್ಯತ್ಯಾಸ ವಾಪಸ್ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಚೀಟಿ ಮತ್ತು ರಸೀದಿ ಎರಡನ್ನೂ ಎತ್ತಿಟ್ಟುಕೊಂಡಿರಿ.

ಈ ಆಷಾಢದಲ್ಲಿ ಕೊಟೇಷನ್ ತಗೊಂಡವರು ಅದರ ಪ್ರತಿಯನ್ನು ಅಂಕಣಕ್ಕೆ ಕಳಿಸಿಕೊಡಿ, ಹೆಸರು, ಫೋನ್ ನಂಬರು, ಶೋರೂಮಿನ ಹೆಸರು ಎಲ್ಲಾ ಹೊಡೆದುಹಾಕಿ. ಸಾಲು ಸಾಲಾಗಿ ಒಟ್ಟಿಗೆ ಕೂತು ಓದೋಣ. ಹಳೇ ಕಾರು ಎಕ್ಸ್‌ಚೇಂಜ್‌ಗೆ ಕೊಡೋದಾ, ಹೊರಗೆ ಮಾರೋದಾ ಅಂತ ಬಹಳ ಜನ ಕೇಳಿದ್ದೀರಿ. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೀನಿ.